ಗೊಬ್ಬರದ ಗಿಡ ಮನೆ ಮುಂದೆ ಯಾಕಿರಬಾರದು?

ಇದನ್ನ ಓದಿ ಕೆಲವರಿಗೆ ಸಿಟ್ಟು ಬರಬಹುದು, ಬರ್ಲಿ.

ನಮ್ಮ ಕಡೆ ಹೊಸ ಮನೆ ಕಟ್ಟಿದೋರು ಕಾಂಪೌಂಡ್ ಉದ್ದಕ್ಕೂ ಕೋನೋಕಾರ್ಪಸ್ ಸಾಲು ನೆಡ್ತಾ ಇದಾರೆ. ಬೇಗ ಬೆಳೀತದೆ, ವರ್ಷವಿಡೀ ಹಸಿರು, ನೋಡೋಕೆ ನೀಟು ಅಂತಾರೆ. ಗುಜರಾತ್ ಸರ್ಕಾರ ಈ ಗಿಡ ನೆಡಲೇಬಾರದು ಅಂತ 2023ರಲ್ಲೇ ಆದೇಶ ಮಾಡಿದೆ. ಬೇರು ಚರಂಡಿ, ಪೈಪು, ಕೇಬಲ್ ಹಾಳು ಮಾಡ್ತದೆ, ಹೂವಿನ ಪುಡಿಯಿಂದ ಕೆಮ್ಮು, ಉಬ್ಬಸ ಬರ್ತದೆ ಅನ್ನೋ ಕಾರಣ ಕೊಟ್ಟಿದಾರೆ. ಉಬ್ಬಸದ ವಿಚಾರ ತಿಳಿದವರು ವಾದ ಮಾಡ್ಕೊಳ್ಳಲಿ. ನನ್ನ ತಕರಾರು ಇಷ್ಟೇ: ರೈತನ ಮನೆ ಮುಂದೆ ಬರೀ ಹಸಿರು ಬಣ್ಣಕ್ಕೆ ಅಂತ ನೀರು ಕುಡಿಸಬೇಕಾ?

ಬದುವಿನ ಮೇಲಿರೋ ಗೊಬ್ಬರದ ಗಿಡ, ಅದೇ ಗ್ಲಿರಿಸೀಡಿಯ, ಸಂಕ್ರಾಂತಿ ಕಳೆದ ಮೇಲೆ ನೋಡಿದೀರಾ? ಎಲೆ ಉದುರಿದ ಬೋಳು ಕೊಂಬೆ ತುಂಬ ತಿಳಿಗುಲಾಬಿ ಹೂವು. ಅವರೆ, ಹುಚ್ಚೆಳ್ಳು ಹೂವು ಮುಗಿದಿರ್ತದೆ, ಹೊಂಗೆ ಇನ್ನೂ ಶುರುವಾಗಿರಲ್ಲ. ಆ ಖಾಲಿ ದಿನಗಳಲ್ಲಿ ಜೇನು, ದುಂಬಿ ಇದಕ್ಕೇ ಮುತ್ತಿಕೊಳ್ತವೆ.

"ನಮ್ಮಲ್ಲಿ ಹೂವೇ ಬಿಡಲ್ಲ" ಅಂತೀರಿ. ವರ್ಷಕ್ಕೆ ಮೂರು ಸಲ ಸೊಪ್ಪಿಗೆ ಕಡಿದ್ರೆ ಎಲ್ಲಿಂದ ಬಿಡ್ತದೆ? ಹೂವು ಬರೋದು ಬಲಿತ ಕೊಂಬೇಲಿ. ಬದುವಿನ ಸಾಲು ಬೇಕಾದಷ್ಟು ಕಡೀರಿ. ಮನೆ ಮುಂದಿನ ಸಾಲಿಗೆ ಮಾತ್ರ ಮಳೆಗಾಲ ಮುಗಿದ ಮೇಲೆ ಮಚ್ಚು ತಾಗಿಸಬೇಡಿ. ಹೂವು ಮುಗಿದ ಮೇಲೆ ಸವರಿ, ಚಿಗುರಿದ ಸೊಪ್ಪು ತೆಂಗಿನ ಬುಡಕ್ಕೆ ಹಾಕಿ. ಕೋನೋಕಾರ್ಪಸ್‌ನಂಗಲ್ಲ, ಇದು ದ್ವಿದಳ ಜಾತಿ, ಬೇರಲ್ಲಿ ಸಾರಜನಕ ಕಟ್ತದೆ.

ಅದೂ ಹೊರಗಿಂದಲೇ ಬಂದಿದ್ದಲ್ವಾ ಅಂತ ಒಬ್ರು ಕೇಳಿದ್ರು. ಹೌದು, ಮೆಕ್ಸಿಕೋ ಕಡೇದು. ನೀವು ದಿನಾ ಸಾರಿಗೆ ಹಾಕೋ ಮೆಣಸಿನಕಾಯೂ ಅಲ್ಲಿಂದಲೇ ಬಂದಿದ್ದು. ಇನ್ನೊಬ್ರು ಬೋಳು ಗಿಡ ಮನೆ ಮುಂದೆ ಅಪಶಕುನ ಅಂದ್ರು. ಗುಡಿ ಮುಂದೆ ದೇವಕಣಗಿಲೆ ಬೋಳಾಗಿ ನಿಲ್ಲಲ್ವಾ ಸ್ವಾಮಿ?

ಒಂದು ಎಚ್ಚರಿಕೆ ಮಾತ್ರ ನಿಜ. ಬೀಜ, ತೊಗಟೆ ವಿಷ. ಆ ಹೆಸರಿನ ಅರ್ಥವೇ ಇಲಿ ಕೊಲ್ಲೋದು ಅಂತ. ಮಕ್ಕಳ ಕೈಗೆ ಕಾಯಿ ಸಿಗದಂಗೆ ನೋಡ್ಕೊಳ್ಳಿ. ಕುರಿ ಮೇಕೆ ಸೊಪ್ಪು ತಿಂತವೆ. ಹಸಿದು ವಾಸನೆಗೆ ಬೇಡ ಅಂದ್ರೆ ಒಂದು ದಿನ ಬಾಡಿಸಿ ಕೊಡಿ.

ನರ್ಸರಿಗೆ ದುಡ್ಡು ಸುರಿಯೋ ಬದಲು ಮುಂಗಾರು ಹಿಡಿದ ಕೂಡಲೇ ಮಣಿಕಟ್ಟಿನಷ್ಟು ದಪ್ಪದ, ಬಲಿತ ಕೊಂಬೆ 4 ಅಡಿ ಕಡಿದು, ಗೋಡೆಯಿಂದ ದೂರ ನೆಡಿ. ಕೊಂಬೆ ಬೇಕಾದೋರು ಜೂನ್‌ನಲ್ಲಿ ನಮ್ಮ ತೋಟಕ್ಕೆ ಬನ್ನಿ, ಮಚ್ಚು ನೀವೇ ತನ್ನಿ.