ಕರ್ನಲ್‌ನ ಅಟ್ಟ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ಮಕ್ಕಳಿಗೆ ಕಂಪ್ಯೂಟರ್ ಎಂದರೆ ಮೊದಲು ನೆನಪಾಗುವುದು ವಿಂಡೋಸ್ ಅಲ್ಲ, ಲಿನಕ್ಸ್. 2001ರಲ್ಲಿ ಕೇರಳ ಶುರುಮಾಡಿದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ 'ಕೈಟ್' ಎಂಬ ಕಂಪನಿಯಾಯಿತು. ಶಾಲೆಗಳಿಗೆ ಉಬುಂಟು ಲಿನಕ್ಸ್ ಆಧರಿಸಿದ ವ್ಯವಸ್ಥೆಯನ್ನು ಕೊಡುತ್ತಿರುವುದು ಅದೇ. ಈ ಲಿನಕ್ಸ್‌ನ ಒಡಲಲ್ಲಿರುವ ತಿರುಳು, ಕರ್ನಲ್ಲೋ, ತರವಾಡು ಮನೆಯ ಅಟ್ಟದಂತೆ: ಯಾರೂ ಮುಟ್ಟದ ಸಾಮಾನು ರಾಶಿ ಬಿದ್ದಿದೆ. 'ಯೂಸ್‌ಲಿಬ್' ಎಂಬ ಸಿಸ್ಟಂ ಕಾಲ್, ಅಂದರೆ ಪ್ರೋಗ್ರಾಂಗಳು ಕರ್ನಲ್ಲಿನಿಂದ ಕೆಲಸ ಮಾಡಿಸಿಕೊಳ್ಳುವ ಕರೆ, ನೋಡಿ. ತೊಂಬತ್ತರ ದಶಕದ ಹಳೆಯ ಲೈಬ್ರರಿಗಳನ್ನು ಎತ್ತಿಕೊಡುವುದಷ್ಟೇ ಅದರ ಕೆಲಸವಾಗಿತ್ತು. ಆ ಲೈಬ್ರರಿಗಳು ಹೋದ ಮೇಲೂ, 2025ರಲ್ಲಿ ತೆಗೆದುಹಾಕುವವರೆಗೆ, ಅದು ಉಳಿಯಿತು. ಸುಮ್ಮನೆ ಉಳಿದಿದ್ದರೆ ಚಿಂತೆಯಿರಲಿಲ್ಲ. ಸಾಮಾನ್ಯ ಬಳಕೆದಾರನೊಬ್ಬ ಇಡೀ ಯಂತ್ರದ ಯಜಮಾನನಾಗಿಬಿಡುವ ಕಿಂಡಿ ಅದರಲ್ಲೇ ಇದೆಯೆಂದು 2005ರ ಜನವರಿಯಲ್ಲಿ ಬಯಲಾಯಿತು. ಆ ಕಿಂಡಿ ಮುಚ್ಚಿದರು, ಸರಿ. ಆದರೆ ಕರ್ನಲ್ ಬಿಲ್ಡ್ ಮಾಡುವಾಗ ಯೂಸ್‌ಲಿಬ್ಬೇ ಬೇಡ ಎನ್ನುವ ಆಯ್ಕೆ ಬರಲು 2014ರವರೆಗೆ ಕಾಯಬೇಕಾಯಿತು. ಹಳೆಯದನ್ನು ಒಮ್ಮೆಲೇ ಕಿತ್ತೆಸೆಯದೆ ಹೀಗೆ ಐಚ್ಛಿಕ ಮಾಡುವುದು ನನಗೆ ಸರಿಯೆನಿಸುತ್ತದೆ: ಎಲ್ಲೋ ಒಂದು ಮುದಿ ಯಂತ್ರ ಅದನ್ನೇ ನಂಬಿಕೊಂಡಿರಬಹುದು, ಬೇಕಾದವರು ಸೇರಿಸಿಕೊಳ್ಳಲಿ, ಉಳಿದವರ ಕರ್ನಲ್ ಹಗುರಾಗಲಿ. ಫ್ಲಾಪಿ ಡ್ರೈವರ್ ಈಗಲೂ ಹಾಗೆಯೇ ಬದುಕಿದೆ, ಫ್ಲಾಪಿಯನ್ನೇ ಕಾಣದ ಮಕ್ಕಳ ಕಾಲದಲ್ಲಿ! ಎಲ್ಲಕ್ಕೂ ಈ ರಿಯಾಯಿತಿ ಸಿಕ್ಕಿಲ್ಲ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದದ್ದು 386 ಚಿಪ್ಪಿನ ಯಂತ್ರದಲ್ಲಿ. 2012ರ ಡಿಸೆಂಬರ್‌ನಲ್ಲಿ ಆ ಚಿಪ್ಪಿನ ಬೆಂಬಲವನ್ನೇ ತೆಗೆದುಹಾಕಿದಾಗ ಆತ ಒಂದಿಷ್ಟೂ ಭಾವುಕನಾಗಲಿಲ್ಲ.