ಮೂರನೇ ತಿಂಗಳಲ್ಲಿ ಆ ಮನೆಗೆ ಯಾರು ಹೋಗುತ್ತಾರೆ?

2025ರ ಏಪ್ರಿಲ್ 22ರಂದು ಪಹಲ್ಗಾಮಿನ ಬೈಸರನ್ ಬಯಲಿನಲ್ಲಿ ಉಗ್ರರು 26 ಜನರನ್ನು ಕೊಂದರು. ಅವರಲ್ಲೊಬ್ಬರು ನಮ್ಮ ಶಿವಮೊಗ್ಗದವರು. ಮೆರವಣಿಗೆ, ಮೇಣದಬತ್ತಿ, ಫ್ಲೆಕ್ಸು ಎಲ್ಲ ಆದವು. ರಾಜ್ಯ ಸರ್ಕಾರ 10 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ನನಗೆ ಚಿಂತೆ ಆಮೇಲಿನ ದಿನಗಳದು.

ಶಿಕಾರಿಪುರ ಸೀಮೆಯ ಬಂದಳಿಕೆಯ ಸುತ್ತಿನ ಹಳ್ಳಿಗಳಲ್ಲಿ ಎಎನ್‌ಎಂ ಆಗಿ ಮನೆಮನೆ ತಿರುಗಿದವಳು ನಾನು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ಅನ್ನ ಸಾರು ತಂದಿಡುತ್ತಾರೆ. ತಿಥಿ ಮುಗಿಯುವ ತನಕ ಜಗುಲಿ ತುಂಬಿರುತ್ತದೆ. ಮೂರನೇ ತಿಂಗಳಲ್ಲಿ ಹೋಗಿ ನೋಡಿ. "ರಾತ್ರಿ ನಿದ್ದೆ ಹತ್ತಲ್ಲ ಸಿಸ್ಟರ್, ಎದೆ ಹಿಡಿದಂಗಾಗ್ತದೆ" ಅನ್ನುತ್ತಾಳೆ ತಾಯಿ. ಮಗ ಶಾಲೆಯಲ್ಲಿ ಮಾತು ಬಿಟ್ಟಿರುತ್ತಾನೆ. ಗುಂಡಿಟ್ಟು ಕೊಂದ ಸಾವಾದರೆ ಆ ದೃಶ್ಯ ಊರವರ ಮೊಬೈಲುಗಳಲ್ಲೂ ಓಡಾಡುತ್ತಿರುತ್ತದೆ. ಬಂದವರೆಲ್ಲ "ಧೈರ್ಯ ತಂದುಕೋ" ಎಂದು ಹೇಳಿ ಹೋಗಿರುತ್ತಾರೆ, ಧೈರ್ಯ ಆಕೆಯೊಬ್ಬಳೇ ಎಲ್ಲಿಂದಲೋ ತರಬೇಕು ಎಂಬಂತೆ.

ನಮ್ಮ ಸೀಮೆಯ ಹಿರಿಯರು ಹಾಗೆ ಬಿಟ್ಟವರಲ್ಲ. ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಎತ್ತ ಹೋದರೂ ವೀರಗಲ್ಲು. ಶತ್ರುಗಳು ಊರ ಮೇಲೆ ಬಿದ್ದು ದನ ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವರಿಗೆ ಕಲ್ಲು ನಿಲ್ಲಿಸಿದರು. ಎಷ್ಟೋ ಕಡೆ ಅವರ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿಯನ್ನೂ ಬಿಟ್ಟುಕೊಟ್ಟರು. ರಾಷ್ಟ್ರಕೂಟ ಎರಡನೇ ಕೃಷ್ಣನ ಕಾಲದಲ್ಲಿ ಎಪ್ಪತ್ತು ಹಳ್ಳಿಗಳ ನಾಡಾದ ನಾಗರಖಂಡದ ನಾಳ್ಗಾವುಂಡ, ಅಂದರೆ ನಾಡಿನ ಮುಖ್ಯಸ್ಥ, ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಅಧಿಕಾರ ಬಂದದ್ದು ಅವನ ಹೆಂಡತಿ ಜಕ್ಕಿಯಬ್ಬೆಗೆ. ಆಕೆ ಚೆನ್ನಾಗಿ ಆಳಿದಳು, ಕೊನೆಗೆ ರೋಗ ಬಂದಾಗ ಬಂದಣಿಕೆಯಲ್ಲೇ, ಅಂದರೆ ನಮ್ಮ ಬಂದಳಿಕೆಯಲ್ಲೇ, ಸಲ್ಲೇಖನ, ಅಂದರೆ ಜೈನರ ಉಪವಾಸದ ಮರಣವ್ರತ, ಕೈಗೊಂಡಳು. ಗಂಡ ಸತ್ತವಳ ಕೈಗೆ ಒಂದು ನಾಡನ್ನೇ ಒಪ್ಪಿಸಿದ ನೆಲ ಇದು.

ಸಿಟ್ಟಿನ ಮಾತನ್ನೂ ಆಡಲೇಬೇಕು. ಪಹಲ್ಗಾಮಿನಲ್ಲಿ ಆ ದಿನ ಪ್ರವಾಸಿಗರ ಜೊತೆ ಅಲ್ಲಿನ ಮುಸ್ಲಿಂ ಕುದುರೆಯವನೊಬ್ಬನೂ ಸತ್ತ. ತಮ್ಮನ್ನು ಕಾಪಾಡಿ ಕರೆತಂದವರು ಸ್ಥಳೀಯರೇ ಎಂದು ಅಲ್ಲಿ ಗಂಡನನ್ನು ಕಳೆದುಕೊಂಡ ಶಿವಮೊಗ್ಗದ ಹೆಣ್ಣುಮಗಳು ಅಂದೇ ಹೇಳಿದರು. ಅಷ್ಟು ದುಃಖದಲ್ಲೂ ಆಕೆ ಹೇಳಿದ್ದನ್ನು ನಾವು ಕಿವಿಗೆ ಹಾಕಿಕೊಳ್ಳದೆ, ಸಂತೆಯಲ್ಲಿ ಎದುರಾಗುವ ಸಾಬರ ಹುಡುಗನ ಮೇಲೆ ಕಣ್ಣು ಕೆಂಪಾಗಿಸಿದರೆ ಅವರ ಮನೆಗೆ ಏನು ಒಳ್ಳೆಯದಾಯಿತು? ಹಗೆ ಕುದಿಯುವ ಬೀದಿಯಲ್ಲಿ ಹೆದರಿದ ಮಗು ಹೇಗೆ ಶಾಲೆಗೆ ಹೋಗಬೇಕು?

ಇಂಥ ಮನೆಗೆ ಬೇಕಾದ ಆರೈಕೆ ನಮಗೆ ಹೊಸದೇನಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್ ವೈದ್ಯರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ತರಬೇತಿ ಕೊಟ್ಟು, ಮನಸ್ಸಿನ ಆರೈಕೆಯನ್ನು ಹಳ್ಳಿಗೇ ತಲುಪಿಸಿ ತೋರಿಸಿದರು. ಅದೇ ಮುಂದೆ ದೇಶಕ್ಕೆ ಮಾದರಿಯಾಯಿತು. ಈಗ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಿ ಫೋನ್ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು. ಆದರೆ ಎದೆ ಹಿಡಿದು ಕೂತವಳಿಗೆ ಆ ನಂಬರು ಒತ್ತಿಕೊಡುವವರು ಪಕ್ಕದಲ್ಲಿರಬೇಕು. ಇಂಥ ಸಾವು ಯಾವ ಊರಿನಲ್ಲಾದರೂ ಒಂದು ವರ್ಷ, ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆ, ಮಗುವಿನ ಮೇಷ್ಟ್ರು, ಪಕ್ಕದ ಕೇರಿಯ ಇಬ್ಬರು ಆ ಮನೆಗೆ ಹೋಗಿ ಕೂತು ಬರಲಿ. ಯಾರು, ಯಾವ ದಿನ ಎಂಬುದನ್ನು ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಹೆಸರು ಸಮೇತ ಬರೆಸಲಿ, ಮುಂದಿನ ಸಭೆಯಲ್ಲಿ ಅದನ್ನು ಎಲ್ಲರೆದುರು ಓದಲಿ.