ಅರೆನೆರಳಿನ ಗ್ರಹಣ, ಅರೆನಂಬಿಕೆಯ ಭಕ್ತಿ



ಗ್ರಹಣದ ಸುದ್ದಿ ಬಂದಾಗಲೆಲ್ಲ ಭಕ್ತರು ಕೇಳುವ ಪ್ರಶ್ನೆಗಳು ಇವೇ: ಆ ಹೊತ್ತಿನಲ್ಲಿ ಇಷ್ಟಲಿಂಗಪೂಜೆ ಮಾಡಬಹುದೇ? ಪ್ರಸಾದ ಸ್ವೀಕರಿಸಬಹುದೇ? ಗರ್ಭಿಣಿಯರು ಹೊರಗೆ ಬರಬಹುದೇ? ಇವುಗಳಿಗೆ ಉತ್ತರವನ್ನು ಆಕಾಶದಲ್ಲಿಯೂ ಶರಣರ ವಾಣಿಯಲ್ಲಿಯೂ ಒಟ್ಟಿಗೆ ಅರಸುವುದು ಲೇಸು.

ಸೂರ್ಯನು ಒಂದು ಬಿಂದುವಲ್ಲ, ದೊಡ್ಡ ಬಿಂಬ. ಆದುದರಿಂದ ಭೂಮಿಗೆ ಎರಡು ಬಗೆಯ ನೆರಳುಂಟು. ಸೂರ್ಯನ ಬಿಂಬ ಸಂಪೂರ್ಣವಾಗಿ ಮರೆಯಾಗುವ ಕಡೆ ದಟ್ಟ ನೆರಳು. ಅದರ ಸುತ್ತ, ಸೂರ್ಯನ ಒಂದಂಶ ಮಾತ್ರ ಮರೆಯಾಗುವ ಕಡೆ ಅರೆನೆರಳು. ಚಂದ್ರನು ಈ ಅರೆನೆರಳನ್ನಷ್ಟೇ ಹಾದುಹೋದರೆ ಅದು ಛಾಯಾ ಚಂದ್ರಗ್ರಹಣ. ಆಗ ಬಿಂಬ ಕಡಿದಂತೆ ಕಾಣುವುದಿಲ್ಲ. ಒಂದು ಅಂಚು ತುಸು ಮಸುಕಾಗುತ್ತದೆ, ಅಷ್ಟೇ.

2017ರ ಫೆಬ್ರುವರಿ 11ರ ಬೆಳಗಿನ ಜಾವ, ಭಾರತ ಹುಣ್ಣಿಮೆಯ ಚಂದ್ರನಿಗೆ ಇಂತಹ ಗ್ರಹಣವಾಯಿತು. ನಮ್ಮ ನಾಡಿನಲ್ಲಿ ಅದು ಸುಮಾರು 4 ಗಂಟೆಗೆ ಆರಂಭವಾಗಿ, 6 ಗಂಟೆ 14 ನಿಮಿಷಕ್ಕೆ ಗರಿಷ್ಠ ಹಂತ ಮುಟ್ಟಿತು. ಆಗ ಬಿಂಬದ ಬಹುಪಾಲು ಅರೆನೆರಳಿನೊಳಗಿತ್ತು. ಆದರೆ ಚಂದ್ರನು ಪಡುವಣ ದಿಗಂತಕ್ಕೆ ಇಳಿದಿದ್ದನು, ಮೂಡಣದಲ್ಲಿ ಬೆಳಕು ಹರಿಯತೊಡಗಿತ್ತು. ಗ್ರಹಣ ಮುಗಿಯುವ ಮೊದಲೇ ಚಂದ್ರಾಸ್ತವಾಯಿತು. ಮಸುಕಾಗಿದ್ದುದು ಉತ್ತರದ ಅಂಚು, ಎಂದರೆ ಪಡುವಣಕ್ಕೆ ಮುಖಮಾಡಿ ನಿಂತವರ ಬಲಗಡೆ.

ಇಲ್ಲಿ ಒಂದು ಸೂಕ್ಷ್ಮವಿದೆ. ದಿಗಂತದ ಬಳಿಯ ಚಂದ್ರನು ಗ್ರಹಣವಿಲ್ಲದ ದಿನವೂ ಕೆಂಪಗೆ ಮಂಕಾಗಿಯೇ ಕಾಣುತ್ತಾನೆ. ಆಗ ಅವನ ಬೆಳಕು ನೆತ್ತಿಯ ಮೇಲಿರುವಾಗಿಗಿಂತ ಎಷ್ಟೋ ಪಾಲು ಹೆಚ್ಚು ಗಾಳಿ, ಧೂಳುಗಳನ್ನು ದಾಟಿ ಬರಬೇಕು. ನೀಲಿ ಚದುರಿ ಕೆಂಪು ಉಳಿಯುತ್ತದೆ. ಆ ಕೆಂಪನ್ನು ಕಂಡು ಗ್ರಹಣದ ಉಗ್ರತೆಯೆಂದು ಅಂಜಿದವರು ನಿಜವಾಗಿ ಅಂಜಿದ್ದು ನಮ್ಮದೇ ಊರಿನ ಗಾಳಿಗೆ! ಪಂಚಾಂಗಗಳು ಸಹ ಛಾಯಾಗ್ರಹಣಕ್ಕೆ ಸಾಮಾನ್ಯವಾಗಿ ಆಚರಣೆ ವಿಧಿಸುವುದಿಲ್ಲ. ಆದರೂ ದೂರದರ್ಶನದ ಭವಿಷ್ಯಕಾರರ ಮಾತು ಕೇಳಿ ನೀರಿಗೆ ದರ್ಭೆ ಹಾಕುವ ಮನೆಗಳಿವೆ.

ಅಪ್ಪ ಬಸವಣ್ಣನವರು ಲಗ್ನ, ರಾಶಿ, ಚಂದ್ರಬಲಗಳ ಲೆಕ್ಕಾಚಾರವನ್ನು ವಚನದಲ್ಲಿ ಬದಿಗೆ ಸರಿಸಿದರು. ದೇವನನ್ನು ನೆನೆದ ಗಳಿಗೆಯೇ ಶುಭಗಳಿಗೆಯೆಂಬುದು ಅದರ ತಾತ್ಪರ್ಯ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನೇ ಒಪ್ಪದ ಧರ್ಮಕ್ಕೆ ನೆರಳಿನ ಸೂತಕವೆಲ್ಲಿಯದು? ಗ್ರಹಣವೆಂದು ಗುಡಿಯ ಬಾಗಿಲನ್ನು ಮುಚ್ಚಬಹುದು. ಅಂಗದ ಮೇಲಿನ ಲಿಂಗಕ್ಕೆ ಮುಚ್ಚಲು ಬಾಗಿಲೆಲ್ಲಿದೆ?

ದಟ್ಟ ನೆರಳು ಎಲ್ಲರಿಗೂ ಕಾಣುತ್ತದೆ, ಅರೆನೆರಳು ಕಾಣುವುದಿಲ್ಲ. ನಮ್ಮ ಭಕ್ತಿಗೂ ಇಂತಹ ಅರೆನೆರಳು ಕವಿದಿದೆ. ವೇದಿಕೆಯಲ್ಲಿ ವಚನ ಹೇಳುತ್ತೇವೆ, ಮನೆಗೆ ಬಂದು ರಾಹುಕಾಲ ನೋಡುತ್ತೇವೆ. ಇದು ನಿರುಪದ್ರವಿ ರೂಢಿಯಲ್ಲ. ತುಂಬು ಬಸುರಿ ಗಂಟೆಗಟ್ಟಲೆ ನೀರೂ ಕುಡಿಯದೆ ಕೋಣೆಯಲ್ಲಿ ಕೂರುತ್ತಾಳೆ. ಸಕ್ಕರೆ ಕಾಯಿಲೆಯ ಹಿರಿಯರು ಹೊತ್ತಿಗೆ ಸರಿಯಾಗಿ ಉಣ್ಣದೆ ಬಳಲುತ್ತಾರೆ. ದಯೆಯನ್ನೇ ಧರ್ಮದ ಮೂಲವೆಂದವರ ಮಕ್ಕಳು ಇದನ್ನು ಸಹಿಸಬಾರದು.

2027ರ ಫೆಬ್ರುವರಿ 21ರ ಬೆಳಗಿನ ಜಾವದ ಗ್ರಹಣವೂ ಇದೇ ಬಗೆಯದು. 4 ಗಂಟೆ 43 ನಿಮಿಷದ ಸುಮಾರಿಗೆ ಅದರ ಗರಿಷ್ಠ ಹಂತ. ಪಡುವಣ ಬಯಲಾಗಿರುವ ಕಡೆ ಮಕ್ಕಳೊಡನೆ ನಿಂತು ನೋಡಲು ಯೋಗ್ಯವಾದುದು. ಚಂದ್ರಗ್ರಹಣವನ್ನು ಬರಿಗಣ್ಣಿನಿಂದ ನೋಡಿದರೆ ಯಾವ ಅಪಾಯವೂ ಇಲ್ಲ. ನೋಡಿ, ಮಿಂದು ಲಿಂಗಪೂಜೆ ಮಾಡಿ, ಪ್ರಸಾದ ಸ್ವೀಕರಿಸಿ, ಕಾಯಕಕ್ಕೆ ತೆರಳುವುದೇ ಶರಣಮಾರ್ಗ. ಚಂದ್ರನ ಮೇಲಿನ ನೆರಳು ತಾನಾಗಿಯೇ ಸರಿಯುತ್ತದೆ. ಮನದ ನೆರಳನ್ನು ಅರಿವಿನಿಂದ ನಾವೇ ಸರಿಸಬೇಕು.